‘ಮಾ’ ಎಂಬ ಏಕಾಕ್ಷರವೂ ಭಾಷೆಗಳ ನಂಟೂ

ಭಾಷೆಗಳ ನಂಟಸ್ತನವನ್ನು ಕಿವಿಯಿಂದಲೇ ನಿರ್ಣಯಿಸಿಬಿಡುವ ಅಭ್ಯಾಸ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ಕೊರಿಯಾ ದೇಶದ ಮಕ್ಕಳು ತಂದೆಯನ್ನು ‘ಅಪ್ಪಾ’ ಎಂದು ಕರೆಯುವರೆಂಬುದು ಧಾರಾವಾಹಿಗಳ ಮೂಲಕ ಕಿವಿಗೆ ಬಿದ್ದುದೇ ತಡ, ಆ ದೇಶದವರಿಗೂ ನಮಗೂ ಯಾವುದೋ ಪುರಾತನ ಕಾಲದಲ್ಲಿ ಒಂದೇ ತೊಟ್ಟಿಲಿದ್ದಿತೆಂದು ನಂಬುವವರು ಹುಟ್ಟಿಕೊಳ್ಳುತ್ತಾರೆ. ನಂಬುವುದಷ್ಟೇ ಅಲ್ಲ, ಹತ್ತು ಹನ್ನೆರಡು ಶಬ್ದಗಳ ಪಟ್ಟಿಯೊಂದನ್ನು ಸಿದ್ಧಪಡಿಸಿ, ಅದನ್ನು ಕಂಡವರಿಗೆಲ್ಲ ಹಂಚಿ, ಸಂಶಯಪಟ್ಟವರನ್ನು ಭಾಷಾಭಿಮಾನವಿಲ್ಲದವರೆಂದು ಜರೆಯುವುದೂ ಉಂಟು. ಇದು ಬರಿಯ ವಿನೋದವಾಗಿದ್ದರೆ ಯಾರೂ ಆಕ್ಷೇಪಿಸಬೇಕಾಗಿರಲಿಲ್ಲ. ಆದರೆ ಇದೇ ತರ್ಕ ಕೊಂಚ ಮುಂದೆ ನಡೆದು, ಯಾವ ಭಾಷೆ ಯಾವುದರ ತಾಯಿ, ಯಾವುದು ಯಾವುದರ ಮಗಳು ಎಂಬ ವ್ಯಾಜ್ಯಕ್ಕೆ ತಿರುಗಿಕೊಂಡಾಗ ಅದು ವಿನೋದವಾಗಿ ಉಳಿಯುವುದಿಲ್ಲ. 2025ರ ಮೇ ತಿಂಗಳಿನಲ್ಲಿ ತಮಿಳಿನ ಪ್ರಸಿದ್ಧ ನಟರೊಬ್ಬರು ಚೆನ್ನೈನ ಸಮಾರಂಭದಲ್ಲಿ ಕನ್ನಡವು ತಮಿಳಿನಿಂದ ಹುಟ್ಟಿತೆಂಬ ಅರ್ಥದ ಮಾತೊಂದನ್ನು ಆಡಿದ್ದು, ಅದರ ಬೆನ್ನಿಗೇ ಅವರ ಚಲನಚಿತ್ರದ ಬಿಡುಗಡೆ ಇಲ್ಲಿ ತಡೆಯಲ್ಪಟ್ಟದ್ದು, ಸಂಗತಿ ನ್ಯಾಯಾಲಯದ ಮೆಟ್ಟಿಲನ್ನೂ ಏರಿದ್ದು ಓದುಗರ ನೆನಪಿನಲ್ಲಿದ್ದೇ ಇದೆ. ಆ ದಿನಗಳಲ್ಲಿ ಎರಡು ಕಡೆಯವರೂ ಕೂಗಿದ ಕೂಗಿನಲ್ಲಿ ಭಾಷಾಶಾಸ್ತ್ರದ ಧ್ವನಿಯೊಂದು ಬಿಟ್ಟು ಮಿಕ್ಕೆಲ್ಲ ಧ್ವನಿಗಳೂ ಕೇಳಿಬಂದುವು.

ಈ ಲೇಖನದಲ್ಲಿ ನಾನು ಪ್ರತಿಪಾದಿಸಹೊರಟಿರುವುದು ಇಷ್ಟೆ: ಎರಡು ಶಬ್ದಗಳು ಒಂದೇ ಬಗೆಯಾಗಿ ಕೇಳಿಸುತ್ತವೆಂಬುದು ಎರಡು ಭಾಷೆಗಳ ಸಂಬಂಧಕ್ಕೆ ಸಾಕ್ಷಿಯೇ ಅಲ್ಲ, ಶಬ್ದ ಗಿಡ್ಡದಾದಷ್ಟೂ ಸಾಕ್ಷಿಯ ಬೆಲೆ ಇನ್ನಷ್ಟು ಇಳಿಯುತ್ತದೆ, ಒಂದೇ ಅಕ್ಷರದ ಶಬ್ದವಾದರಂತೂ ಅದು ಯಾರ ಪರವಾಗಿಯೂ ಏನನ್ನಾದರೂ ನುಡಿಯಬಲ್ಲ ಸಾಕ್ಷಿ. ಇದನ್ನು ವಿಶದಪಡಿಸಲು ‘ಮಾ’ ಎಂಬೊಂದು ಏಕಾಕ್ಷರವನ್ನು ಹಿಡಿದುಕೊಂಡರೆ ಸಾಕು.

ನಮ್ಮ ಮನೆಯಿಂದಲೇ ಆರಂಭಿಸುವುದು ಯುಕ್ತ. ಕನ್ನಡದಲ್ಲಿ ‘ಮಾ’ ಎಂದರೆ ಮಾವು. ‘ಮಾಮರ’ವೆಂಬ ಮಾತಿನಲ್ಲಿ ಆ ಹಳೆಯ ರೂಪ ಇಂದಿಗೂ ಜೀವಂತವಾಗಿದೆ. ಆದರೆ ಅದೇ ‘ಮಾ’ ‘ಮಾನವಮಿ’ಯಲ್ಲಿ ಮಾವಲ್ಲ, ಸಂಸ್ಕೃತದ ‘ಮಹಾ’ ಎಂಬುದರ ಸಂಕೋಚ. ಮಹಾಸತಿಯು ಮಾಸತಿಯಾಗಿ, ಮಾಸತಿಯು ಮಾಸ್ತಿಯಾಗಿ, ಊರೂರಿನ ಹೊರವಲಯದಲ್ಲಿ ಬಳೆ ತೊಟ್ಟ ತೋಳನ್ನೆತ್ತಿ ನಿಂತಿರುವ ಮಾಸ್ತಿಕಲ್ಲುಗಳಲ್ಲಿ ಉಳಿದುಕೊಂಡಿದ್ದಾಳೆ. ಹೀಗೆ ಒಂದೇ ಭಾಷೆಯೊಳಗೇ, ಒಂದೇ ಉಚ್ಚಾರಣೆಯ ಎರಡು ಶಬ್ದಗಳು ಎರಡು ಬೇರೆ ದಿಕ್ಕುಗಳಿಂದ ಬಂದು ಅಕ್ಕಪಕ್ಕದಲ್ಲಿ ನೆಲಸಿವೆ. ತಮಿಳಿನಲ್ಲಿ ‘ಮಾ’ ಮಾವಿನ ಮರವೂ ಹೌದು, ಹಿಟ್ಟೂ ಹೌದು, ಕುದುರೆಯೂ ಹೌದು. ಹಳೆಯ ಲೆಕ್ಕಾಚಾರದಲ್ಲಿ ಇಪ್ಪತ್ತನೆಯ ಒಂದು ಪಾಲಿಗೂ, ಆ ಪ್ರಮಾಣದ ಭೂಮಿಗೂ ಅದೇ ಹೆಸರು. ಮಾವಿನ ಈ ‘ಮಾ’ದೊಂದಿಗೆ ‘ಕಾಯ್’ ಕೂಡಿ ‘ಮಾಂಗಾಯ್’ ಆಗಿ, ಮಲಯಾಳದಲ್ಲಿ ‘ಮಾಙ್ಙ’ ಆಗಿ, ಪೋರ್ಚುಗೀಸರ ಬಾಯಲ್ಲಿ ‘ಮಾಂಗಾ’ ಎನಿಸಿ, ಹಡಗೇರಿ ಲೋಕವನ್ನೆಲ್ಲ ಸುತ್ತಿ, ಇಂಗ್ಲಿಷಿನ ‘ಮ್ಯಾಂಗೊ’ ಎಂಬ ವೇಷದಲ್ಲಿ ನಮ್ಮದೇ ಬೇಕರಿಯ ಬಾಟಲಿಗಳ ಮೇಲೆ ಮರಳಿ ಬಂದಿದೆ. ಈ ಶಬ್ದ ಎಲ್ಲಿಂದ ಹೊರಟು ಯಾವ ಮಾರ್ಗವಾಗಿ ಎಲ್ಲಿಗೆ ಹೋಯಿತೆಂಬುದಕ್ಕೆ ವ್ಯಾಪಾರದ ಇತಿಹಾಸವೇ ಆಧಾರ. ಇಂಗ್ಲಿಷಿಗೂ ಮಲಯಾಳಕ್ಕೂ ರಕ್ತಸಂಬಂಧವುಂಟೆಂದು ಇದರಿಂದ ಯಾರೂ ವಾದಿಸುವುದಿಲ್ಲವಷ್ಟೆ.

ಸಂಸ್ಕೃತದಲ್ಲಿ ಈ ಅಕ್ಷರದ ವೈಭವವನ್ನು ವಿಸ್ತರಿಸುವುದಾದರೆ ಒಂದು ಸಂಚಿಕೆ ಸಾಲದು. ಒಂದೊಂದಕ್ಷರಕ್ಕೂ ಅರ್ಥಗಳನ್ನು ಹೇಳುವ ಏಕಾಕ್ಷರಕೋಶಗಳೆಂಬ ನಿಘಂಟುಗಳೇ ಆ ಭಾಷೆಯಲ್ಲಿ ಇವೆ. ‘ಮಾ’ ಎಂಬುದು ಅಳೆಯುವುದೆಂಬ ಅರ್ಥದ ಧಾತು. ಪ್ರಮಾಣ, ಪರಿಮಾಣ, ವಿಮಾನಗಳೂ, ಛಂದಸ್ಸಿನ ಮಾತ್ರೆಯೂ, ಔಷಧದಂಗಡಿಯ ಮಾತ್ರೆಯೂ ಅದರ ಸಂತಾನವೇ. ‘ಮಾ’ ಎಂದರೆ ಲಕ್ಷ್ಮಿ. ಆಕೆಯ ಧವನಾದ್ದರಿಂದ ವಿಷ್ಣು ಮಾಧವ. ಇವೆರಡಕ್ಕೂ ಸಂಬಂಧವಿಲ್ಲದ ಮೂರನೆಯ ‘ಮಾ’ ಒಂದು ನಿಷೇಧಾರ್ಥಕ ಅವ್ಯಯ. ‘ಬೇಡ’, ‘ಕೂಡದು’ ಎಂಬುದು ಅದರ ತಾತ್ಪರ್ಯ. ಆದಿಕವಿಯು ಕ್ರೌಂಚದ ಶೋಕವನ್ನು ಕಂಡು ನಿಷಾದನನ್ನು ಶಪಿಸಿದ ಶ್ಲೋಕದ ಮೊದಲ ಅಕ್ಷರವೇ ಈ ನಿಷೇಧದ ‘ಮಾ’. ರಾಮಾಯಣದಂಥ ಮಂಗಳಕಾವ್ಯಕ್ಕೆ ಶಾಪದ ಮಾತು ನಾಂದಿಯಾಗುವುದು ತರವಲ್ಲವೆಂದು ಬಗೆದ ವ್ಯಾಖ್ಯಾನಕಾರರು ಒಂದು ಚಮತ್ಕಾರವನ್ನು ಮಾಡಿದ್ದಾರೆ: ಆ ‘ಮಾ’ವನ್ನು ನಿಷೇಧವೆಂದು ಬಗೆಯದೆ ಲಕ್ಷ್ಮಿಯೆಂದು ಗ್ರಹಿಸಿ, ಮುಂದಿನ ಪದದೊಂದಿಗೆ ಅದನ್ನು ಸಮಾಸಮಾಡಿ, ಲಕ್ಷ್ಮಿಗೆ ಆವಾಸನಾದವನೇ ಎಂದು ವಿಷ್ಣುವನ್ನು ಸಂಬೋಧಿಸುವಂತೆ ಅರ್ಥೈಸಿ, ಬೇಡನಿಗೆ ಕೊಟ್ಟ ಶಾಪವನ್ನು ಶ್ರೀರಾಮನಿಗೆ ಹಾಡಿದ ಮಂಗಳವನ್ನಾಗಿ ಪರಿವರ್ತಿಸಿದ್ದಾರೆ. ನಿಷೇಧದ ‘ಮಾ’ ಕೂಡಿದಲ್ಲಿ ಕ್ರಿಯಾಪದದ ಆದಿಯ ಅಕಾರ ಬೀಳಬೇಕೆಂದು ಪಾಣಿನಿಯ ನಿಯಮ. ಈ ಶ್ಲೋಕದಲ್ಲಿ ಅದು ಬಿದ್ದಿಲ್ಲವಾದ್ದರಿಂದ ವೈಯಾಕರಣರಿಗೂ ಇದು ಬಹುಕಾಲದ ತೊಡಕು. ಋಷಿಯ ಪ್ರಯೋಗವೆಂದು ಕೈಮುಗಿದು ಮುಂದೆ ಹೋಗುವವರು ಕೆಲವರು, ಅಲ್ಲಿಯೂ ಲಕ್ಷ್ಮಿಯನ್ನು ಕರೆತಂದು ಬಿಡಿಸಿಕೊಳ್ಳುವವರು ಕೆಲವರು. ನನಗಂತೂ ಮೊದಲಿನವರ ದಾರಿಯೇ ಹಿಡಿಸುತ್ತದೆ. ಕರುಣೆಯಿಂದ ಉಕ್ಕಿದ ನುಡಿಯನ್ನು ಶ್ಲೇಷೆಯಿಂದ ತಣ್ಣಗಾಗಿಸುವುದು ಪಾಂಡಿತ್ಯಕ್ಕೆ ಭೂಷಣವಾದೀತೇ ಹೊರತು ಕಾವ್ಯಕ್ಕಲ್ಲ.

ಈ ನಿಷೇಧದ ‘ಮಾ’ ಒಂಟಿಯಲ್ಲ. ಗ್ರೀಕರ ‘ಮೇ’, ಪ್ರಾಚೀನ ಪಾರಸಿಕರ ‘ಮಾ’, ಪಾರಸೀ ಭಾಷೆಯ ಕಾವ್ಯಗಳಲ್ಲಿ ‘ಮಾಡಬೇಡ’ ಎಂಬರ್ಥದ ‘ಮಕುನ್’ ಮುಂತಾದ ಪದಗಳ ಮೊದಲಿನ ‘ಮ’, ಇವೆಲ್ಲ ಅದರ ನಿಜವಾದ ದಾಯಾದಿಗಳು. ಹಾಗಿದ್ದರೆ ಅರಬ್ಬೀ ಭಾಷೆಯ ‘ಮಾ’? ಅಲ್ಲಿಯೂ ‘ಮಾ’ ಎಂಬುದಕ್ಕೆ ‘ಇಲ್ಲ’, ‘ಅಲ್ಲ’ ಎಂಬ ಅರ್ಥವುಂಟು; ಧ್ವನಿಯೂ ಒಂದೇ, ತಾತ್ಪರ್ಯವೂ ನೆರೆಯದೇ. ಆದರೂ ಸಂಸ್ಕೃತದ ‘ಮಾ’ಗೂ ಅದಕ್ಕೂ ಯಾವ ನಂಟೂ ಇಲ್ಲ. ಅರಬ್ಬಿಯ ಆ ಶಬ್ದವೇ ‘ಏನು’, ‘ಯಾವುದೋ ಅದು’ ಎಂಬ ಅರ್ಥಗಳಲ್ಲಿಯೂ ಬರುತ್ತದೆ. ಮಗುವನ್ನು ಕಂಡು ಮುಸಲ್ಮಾನರು ಹೇಳುವ ‘ಮಾಷಾ ಅಲ್ಲಾ’ ಎಂಬ ಮಾತಿನ ಮೊದಲಕ್ಷರ ಅದೇ, ‘ದೇವರು ಏನನ್ನು ಬಯಸಿದನೋ ಅದು’ ಎಂದು ಅದರ ಅರ್ಥ. ಯೆಹೂದ್ಯರ ಹೀಬ್ರೂವಿನಲ್ಲಿ ‘ಮಾ’ ಎಂದರೆ ‘ಏನು’. ಅರಬ್ಬಿಗೂ ಹೀಬ್ರೂವಿಗೂ ಇರುವ ನಂಟು ಮಾತ್ರ ನಿಜವಾದದ್ದೇ. ಧ್ವನಿ, ಅರ್ಥ ಎರಡೂ ಹೊಂದಿದರೂ ನಂಟಿಲ್ಲದಿರಬಹುದೆಂಬ ಈ ಒಂದು ಸಂಗತಿಯನ್ನು ಓದುಗರು ಗಮನದಲ್ಲಿಡಬೇಕು.

ಯುರೋಪಿನ ಭಾಷೆಗಳನ್ನು ಬೇಗ ದಾಟಿಬಿಡೋಣ. ಇಟಲಿಯವರಿಗೆ ‘ಮಾ’ ಎಂದರೆ ‘ಆದರೆ’, ಫ್ರೆಂಚರಿಗೆ ಸ್ತ್ರೀಲಿಂಗದ ‘ನನ್ನ’, ಹಂಗೇರಿಯವರಿಗೆ ‘ಇಂದು’, ಎಸ್ತೋನಿಯದವರಿಗೆ ‘ನಾನು’, ಪೋಲೆಂಡಿನವರಿಗೆ ‘ಅವನಲ್ಲಿ ಇದೆ’, ಐರ್ಲೆಂಡಿನ ಹಳೆಯ ನುಡಿಯಾಡುವವರಿಗೆ ‘ಒಂದುವೇಳೆ’. ಇಟಲಿಗೂ ಫ್ರಾನ್ಸಿಗೂ ಲ್ಯಾಟಿನ್ನೇ ಮಾತೃಭಾಷೆಯಾಗಿದ್ದರೂ ಇಟಲಿಯ ‘ಮಾ’ ಹುಟ್ಟಿದ್ದು ‘ಹೆಚ್ಚಾಗಿ’ ಎಂಬರ್ಥದ ಲ್ಯಾಟಿನ್ ‘ಮಗಿಸ್’ನಿಂದ, ಫ್ರೆಂಚರ ‘ಮಾ’ ಹುಟ್ಟಿದ್ದು ‘ನನ್ನ’ ಎಂಬರ್ಥದ ‘ಮೇಆ’ದಿಂದ, ಒಬ್ಬ ತಾಯಿಯ ಮಕ್ಕಳ ಮನೆಗಳಲ್ಲಿ ಒಂದೇ ಹೆಸರಿನಿಂದ ಬಾಳುವ ಈ ಎರಡು ಶಬ್ದಗಳು ಪರಸ್ಪರ ಅಪರಿಚಿತರು.

ಪೂರ್ವಕ್ಕೆ ತಿರುಗಿದರೆ ಆಟ ಇನ್ನೂ ಸೊಗಸು. ಚೀನೀಯರು ‘ಮಾ’ ಎಂಬುದನ್ನು ಸಮಸ್ವರದಲ್ಲಿ ಎತ್ತರಿಸಿ ಹಿಡಿದರೆ ತಾಯಿ, ಪ್ರಶ್ನೆ ಕೇಳುವವರಂತೆ ಮೇಲಕ್ಕೇರಿಸಿದರೆ ಸೆಣಬಿನ ಜಾತಿಯ ನಾರುಗಿಡ, ತಗ್ಗಿಸಿ ಎತ್ತಿದರೆ ಕುದುರೆ, ಮೇಲಿನಿಂದ ಥಟ್ಟನೆ ಇಳಿಸಿದರೆ ಬೈಯುವುದು. ಯಾವ ಏರಿಳಿತವೂ ಇಲ್ಲದೆ ವಾಕ್ಯದ ಕೊನೆಗೆ ಹಗುರವಾಗಿ ಸೇರಿಸಿದರೆ ಆ ವಾಕ್ಯ ಪ್ರಶ್ನೆಯಾಗುತ್ತದೆ, ನಮ್ಮ ‘ಬಂದನೇ’ ಎಂಬಲ್ಲಿನ ಏಕಾರದಂತೆ. ವಿಯೆಟ್ನಾಮಿನಲ್ಲಿ ಸ್ವರಗಳು ಆರು: ದೆವ್ವ, ತಾಯಿ, ಸಮಾಧಿ, ಕುದುರೆ, ಭತ್ತದ ಸಸಿ, ಇವುಗಳ ಜತೆಗೆ ‘ಆದರೆ’ ಎಂಬರ್ಥವೂ ಅಲ್ಲಿನ ‘ಮಾ’ಗಳಿಗಿದೆ. ಥಾಯ್ಲೆಂಡಿನಲ್ಲಿ ಬರುವುದು, ಕುದುರೆ, ನಾಯಿ, ಈ ಮೂರನ್ನೂ ಸ್ವರಭೇದದಿಂದ ಬೇರ್ಪಡಿಸಿದ ‘ಮಾ’ ಒಂದೇ ಹೇಳುತ್ತದೆ. ಇಲ್ಲಿ ಪಟ್ಟಿ ತಯಾರಿಸುವವರಿಗೆ ಎಂಥ ಸುಗ್ಗಿ! ಇಟಲಿಯಲ್ಲಿಯೂ ‘ಆದರೆ’, ವಿಯೆಟ್ನಾಮಿನಲ್ಲಿಯೂ ‘ಆದರೆ’. ಚೀನದಲ್ಲಿಯೂ ಕುದುರೆ, ತಮಿಳಿನಲ್ಲಿಯೂ ಕುದುರೆ. ಥಾಯ್ ಮತ್ತು ವಿಯೆಟ್ನಾಮಿನ ಕುದುರೆಗಳು ಚೀನದ ಲಾಯದಿಂದಲೇ ಹೋದುವೆಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ತಮಿಳಿನ ಕುದುರೆಗಾದರೋ ಆ ಲಾಯದ ಸುಳಿವೇ ಇಲ್ಲ.

ಜಪಾನಿನ ‘ಮಾ’ ಎಂದರೆ ನಡುವಿನ ತೆರಪು: ಎರಡು ಕಂಬಗಳ ನಡುವಣ ಸ್ಥಳ, ಎರಡು ನುಡಿಗಳ ನಡುವಣ ಮೌನ, ಎರಡು ಘಾತಗಳ ನಡುವಣ ಕಾಲ. ಅವರ ವಾಸ್ತುವಿಗೂ ಸಂಗೀತಕ್ಕೂ ನಾಟಕಕ್ಕೂ ಈ ತೆರಪೇ ಜೀವಾಳವೆಂದು ಬಲ್ಲವರು ಹೇಳುತ್ತಾರೆ. ‘ಮಾ’ ತಪ್ಪಿದವನೆಂಬ ಅರ್ಥದ ‘ಮಾನುಕೆ’ ಎಂಬುದು ಅಲ್ಲಿ ದಡ್ಡನಿಗಿರುವ ಹೆಸರು. ಇದಲ್ಲದೆ ಜಪಾನಿಯಲ್ಲಿ ಇನ್ನೊಂದು ‘ಮಾ’ ಉಂಟು, ಅದು ಪಿಶಾಚಿ. ‘ಅಕುಮಾ’ ಎಂದರೆ ಕೆಟ್ಟ ಭೂತ. ಈ ಪಿಶಾಚಿಯ ಜನ್ಮಸ್ಥಳವನ್ನು ಅರಸಿ ಹೊರಟವರು ಭಾರತಕ್ಕೇ ಬಂದು ತಲಪಬೇಕು. ಬುದ್ಧನು ಬೋಧಿವೃಕ್ಷದಡಿಯಲ್ಲಿ ಕುಳಿತಾಗ ಅವನ ತಪಸ್ಸನ್ನು ಭಂಗಗೊಳಿಸಲು ಬಂದ ಮಾರನ ಕಥೆ ಬೌದ್ಧಗ್ರಂಥಗಳೊಂದಿಗೆ ಚೀನಕ್ಕೆ ಹೋಯಿತು. ಅಲ್ಲಿನ ಭಾಷಾಂತರಕಾರರಿಗೆ ಮಾರನ ಹೆಸರನ್ನು ಬರೆಯಲು ಲಿಪಿಚಿಹ್ನೆ ಬೇಕಾಯಿತು. ಕೊನೆಗೆ ನೆಲೆಗೊಂಡ ಚಿಹ್ನೆ ಯಾವುದೆಂದರೆ, ಕೆಳಗೆ ಭೂತವನ್ನು ಸೂಚಿಸುವ ಆಕೃತಿ, ಅದರ ಮೇಲೆ ಉಚ್ಚಾರಣೆಯನ್ನು ಸೂಚಿಸಲು, ಹಿಂದೆ ಹೇಳಿದ ಆ ನಾರುಗಿಡದ ‘ಮಾ’. ಕನ್ನಡಿಗರಿಗೆ ಮನ್ಮಥನೆಂದು ಪರಿಚಿತನಾದ ಮಾರನು ಹೀಗೆ ಸೆಣಬಿನ ಕಂತೆಯನ್ನು ತಲೆಯ ಮೇಲೆ ಹೊತ್ತ ಭೂತವಾಗಿ ಸಮುದ್ರ ದಾಟಿ, ಜಪಾನಿನಲ್ಲಿ ಒಂದಕ್ಷರಕ್ಕೆ ಇಳಿದು ನೆಲಸಿದನು. ಮಾರನ ಪ್ರಯಾಣವನ್ನು ನಾವು ನಂಬುವುದು ಧ್ವನಿಯ ಹೋಲಿಕೆಯಿಂದಲ್ಲ. ಗ್ರಂಥಗಳು, ಯಾತ್ರಿಕರು, ಭಾಷಾಂತರಗಳು, ಲಿಪಿ, ಇಷ್ಟೂ ಕೂಡಿ ಅವನ ಹೆಜ್ಜೆಗುರುತುಗಳನ್ನು ತೋರಿಸುವುದರಿಂದ.

ತಾಯಿಯ ವಿಷಯವನ್ನು ಬೇಕೆಂದೇ ತಡಮಾಡಿದೆ. ಹಿಂದಿಯ ‘ಮಾ’, ಚೀನದ ‘ಮಾ’, ವಿಯೆಟ್ನಾಮಿನ ‘ಮಾ’, ಇಂಗ್ಲಿಷಿನ ‘ಮಾಮಾ’, ನಮ್ಮ ‘ಅಮ್ಮ’: ಇಲ್ಲಿಯಾದರೂ ಮನುಕುಲದ ಏಕಮೂಲ ಕಾಣುವುದಿಲ್ಲವೇ ಎಂದು ಕೇಳುವವರಿದ್ದಾರೆ. ರೋಮಾನ್ ಯಾಕೊಬ್ಸನ್ ಎಂಬ ಭಾಷಾವಿಜ್ಞಾನಿ 1960ರಲ್ಲಿ ಪ್ರಕಟವಾದ ಪ್ರಬಂಧವೊಂದರಲ್ಲಿ ಇದನ್ನು ವಿಮರ್ಶಿಸಿದ್ದಾನೆ. ಮಾನವಶಾಸ್ತ್ರಜ್ಞ ಮರ್ಡಾಕನು ಲೋಕದ ನಾನಾ ಭಾಷೆಗಳಿಂದ ಕಲೆಹಾಕಿದ, ತಂದೆತಾಯಿಗಳನ್ನು ಕರೆಯುವ ಒಂದು ಸಾವಿರಕ್ಕೂ ಮಿಕ್ಕ ಶಬ್ದಗಳು ಅವನ ಮುಂದಿದ್ದುವು. ಮೊಲೆಯುಣ್ಣುವ ಕೂಸಿನ ಬಾಯಿ ಮುಚ್ಚಿರುವಾಗ ಹೊರಡಬಲ್ಲ ಧ್ವನಿ ಮೂಗಿನದೊಂದೇ. ತುಟಿ ಬಿಚ್ಚಿದೊಡನೆ ಅದೇ ಮಕಾರವಾಗುತ್ತದೆ. ಹಸಿದ ಕೂಸು ಆ ಧ್ವನಿಯನ್ನೇ ಹೊರಡಿಸುತ್ತದೆ. ಕೇಳಿದ ದೊಡ್ಡವರು, ಕೂಸು ಕರೆದದ್ದು ನನ್ನನ್ನೇ ಎಂದು ಹಿಗ್ಗಿ ಅದನ್ನು ಹೆಸರಾಗಿ ಸ್ವೀಕರಿಸುತ್ತಾರೆ. ಎಲ್ಲ ದೇಶಗಳ ಕೂಸುಗಳಿಗೂ ತುಟಿಯೂ ಹಸಿವೂ ಒಂದೇ ಆದ್ದರಿಂದ ಶಬ್ದಗಳೂ ಒಂದನ್ನೊಂದು ಹೋಲುತ್ತವೆ. ಇದರಲ್ಲಿ ವಂಶಾವಳಿಯ ಪ್ರಶ್ನೆಯೇ ಇಲ್ಲ. ಆದರೂ ದೊಡ್ಡವರ ಹಿಗ್ಗು ಎಲ್ಲೆಡೆಯೂ ಒಂದೇ ದಿಕ್ಕಿಗೆ ಹರಿಯಲೇಬೇಕೆಂಬ ನಿಯಮವಿಲ್ಲ: ಕಾಕಸಸ್ ಪರ್ವತಪ್ರದೇಶದ ಜಾರ್ಜಿಯಾ ದೇಶದಲ್ಲಿ ‘ಮಾಮಾ’ ಎಂದರೆ ತಂದೆ, ‘ದೇದಾ’ ಎಂದರೆ ತಾಯಿ. ನಮ್ಮಲ್ಲಿ ‘ಮಾಮ’ ತಾಯಿಯ ಸೋದರ. ಕೊರಿಯಾದ ‘ಅಪ್ಪಾ’ವನ್ನು ಯಾವ ಕಪಾಟಿನಲ್ಲಿ ಇಡಬೇಕೆಂಬುದು ಈಗ ಓದುಗರಿಗೆ ಹೊಳೆದಿರಬಹುದು.

ಜಪಾನಿನ ತಾಯಿಯ ಕಥೆ ಇನ್ನೂ ವಿಚಿತ್ರ. ಇಂದು ಅಲ್ಲಿ ತಾಯಿಗೆ ‘ಹಹ’, ತಂದೆಗೆ ‘ಚಿಚಿ’. ಹದಿನಾರನೆಯ ಶತಮಾನದ ಅಲ್ಲಿನ ಒಗಟೊಂದರ ಭಾವ ಇದು: ತಾಯಿಗಾಗಿ ಎರಡು ಬಾರಿ ಸಂಧಿಸುತ್ತವೆ, ತಂದೆಗಾಗಿ ಒಮ್ಮೆಯೂ ಸಂಧಿಸವು, ಅವು ಯಾವುವು? ಉತ್ತರ: ತುಟಿಗಳು. ಓದುಗರು ‘ಹಹ’ ಎಂದು ಹೇಳಿ ನೋಡಲಿ. ತುಟಿಗಳು ಸೋಕುವುದೇ ಇಲ್ಲ. ಒಗಟು ಸಾರ್ಥಕವಾಗಬೇಕಾದರೆ ಆಗಿನ ಜನ ಆ ಶಬ್ದವನ್ನು ತುಟಿಗಳ ನೆರವಿನಿಂದಲೇ, ‘ಫಫ’ ಎಂಬಂತೆ ಉಚ್ಚರಿಸುತ್ತಿದ್ದಿರಬೇಕು. ಅದಕ್ಕೂ ಹಿಂದೆ ಅದು ‘ಪಪ’ ಎಂದೇ ಇದ್ದಿತೆಂಬುದು ಪಂಡಿತರ ನಿರ್ಣಯ. ಅಂದರೆ ಒಂದಾನೊಂದು ಕಾಲದಲ್ಲಿ ಜಪಾನಿನ ಕೂಸು ‘ಪಪ’ ಎಂದರೆ ತಿರುಗಿ ನೋಡುತ್ತಿದ್ದವಳು ತಾಯಿ! ಪಕಾರವು ಹಕಾರವಾಗುವ ಈ ವ್ಯಾಪಾರ ಕನ್ನಡಿಗರಿಗೆ ಹೊಸದಲ್ಲ: ಪಂಪನ ಕಾಲದ ಪಾಲ್, ಪುಲಿ, ಪೆಸರ್, ಪಂದಿ, ಪಳ್ಳಿಗಳು ನಮಗಿಂದು ಹಾಲು, ಹುಲಿ, ಹೆಸರು, ಹಂದಿ, ಹಳ್ಳಿಗಳಾಗಿವೆ, ಸುಮಾರು ಹತ್ತನೆಯ ಶತಮಾನದಿಂದೀಚೆಗೆ ಶಾಸನಗಳಲ್ಲಿ ಮೊಳೆತ ಈ ವ್ಯತ್ಯಾಸ ಕೆಲವು ಶತಮಾನಗಳಲ್ಲಿ ಭಾಷೆಯನ್ನೆಲ್ಲ ವ್ಯಾಪಿಸಿತು. ಹಾಗೆಂದು ಕನ್ನಡಕ್ಕೂ ಜಪಾನಿಗೂ ನಂಟುಂಟೇ? ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸುಸುಮು ಓನೊ ಎಂಬ ಜಪಾನಿ ವಿದ್ವಾಂಸನು ತನ್ನ ಭಾಷೆಗೂ ತಮಿಳಿಗೂ ಸಂಬಂಧವನ್ನು ಸ್ಥಾಪಿಸಲು ಬಹುವಾಗಿ ಶ್ರಮಿಸಿದನು. ಭಾಷಾವಿಜ್ಞಾನಿಗಳ ಸಮೂಹ ಅದನ್ನು ಒಪ್ಪಲಿಲ್ಲ. ಆತನ ಪರಿಶ್ರಮ ನಮ್ಮ ಪಟ್ಟಿಕಾರರದಕ್ಕಿಂತ ಸಾವಿರಪಾಲು ಗಂಭೀರವಾದದ್ದೆಂಬುದನ್ನು ಇಲ್ಲಿ ಸ್ಮರಿಸುವುದು ನ್ಯಾಯ.

ಆಕಸ್ಮಿಕ ಸಾಮ್ಯ ಎಷ್ಟು ಪೂರ್ಣವಾಗಿರಬಹುದೆಂಬುದಕ್ಕೆ ಆಸ್ಟ್ರೇಲಿಯದಿಂದ ಒಂದು ನಿದರ್ಶನ ಸಾಕು. 1960ರ ದಶಕದಲ್ಲಿ ಡಿಕ್ಸನ್ ಎಂಬ ಭಾಷಾವಿಜ್ಞಾನಿ ಕ್ವೀನ್ಸ್‌ಲೆಂಡಿನ ಉತ್ತರಭಾಗದಲ್ಲಿ ಅಳಿವಿನ ಅಂಚಿಗೆ ಬಂದಿದ್ದ ಮ್ಬಬರಮ್ ಎಂಬ ಮೂಲನಿವಾಸಿಗಳ ಭಾಷೆಯನ್ನು ದಾಖಲಿಸಹೊರಟು, ಅದನ್ನು ಬಲ್ಲ ವೃದ್ಧರೊಬ್ಬರನ್ನು ನಾಯಿಗೆ ನಿಮ್ಮಲ್ಲಿ ಏನೆನ್ನುತ್ತೀರೆಂದು ಕೇಳಿದರೆ, ದೊರೆತ ಉತ್ತರ ‘ಡಾಗ್’! ಇಂಗ್ಲಿಷಿನ ಎರವಲೆಂದು ಯಾರಾದರೂ ಭಾವಿಸುವಂತಿದ್ದ ಈ ಶಬ್ದ ಅಪ್ಪಟ ದೇಶ್ಯವಾದದ್ದು. ನೆರೆಯ ಭಾಷೆಗಳ ‘ಗುಡಗ’ ಎಂಬ ರೂಪದಲ್ಲಿ ಮೊದಲ ಅಕ್ಷರ ಲೋಪಗೊಂಡು, ಹೋಗುವಾಗ ಮುಂದಿನ ಸ್ವರವನ್ನು ಒಕಾರವಾಗಿ ಬದಲಿಸಿ, ಕೊನೆಯ ಸ್ವರವೂ ಬಿದ್ದು, ಕ್ರಮಬದ್ಧವಾದ ಬದಲಾವಣೆಗಳ ಫಲವಾಗಿ ಅದು ಆ ಸ್ಥಿತಿಗೆ ಬಂದಿತ್ತು. ಅದೇ ಭಾಷೆಯ ಬೇರೆ ಶಬ್ದಗಳೂ ಅದೇ ರೀತಿಯಲ್ಲಿ ತಲೆ ಕಳೆದುಕೊಂಡಿರುವುದರಿಂದಲೇ ಈ ವಿವರಣೆಗೆ ಬಲ.

ಈ ಅಚ್ಚರಿಗಳಿಗೆಲ್ಲ ಕಾರಣ ಸರಳವಾದದ್ದು. ಕನ್ನಡದ ಕಾಗುಣಿತವನ್ನೆಲ್ಲ ಕೂಡಿಸಿದರೂ ಸುಮಾರು ಐನೂರಕ್ಕೇ ಮುಗಿಯುತ್ತದೆ. ಜಪಾನಿಯಲ್ಲಿ ಮೂಲಾಕ್ಷರಗಳು ನೂರರ ಆಸುಪಾಸು. ಲೋಕದಲ್ಲಿರುವ ಭಾಷೆಗಳೋ ಸುಮಾರು 7000. ಅಷ್ಟು ಭಾಷೆಗಳೂ ತಮ್ಮ ಅತ್ಯಗತ್ಯದ ಕಿರುಶಬ್ದಗಳಿಗಾಗಿ ಬಾಯಿಗೆ ಸುಲಭವಾದ ಕೆಲವೇ ಅಕ್ಷರಗಳನ್ನು ಹಂಚಿಕೊಳ್ಳಬೇಕಾಗಿರುವಾಗ, ಸಾಮ್ಯ ಕಾಣದಿದ್ದರೆ ಆಶ್ಚರ್ಯಪಡಬೇಕು.

ಹಾಗಾದರೆ ನಂಟನ್ನು ನಿರ್ಣಯಿಸುವ ಬಗೆ ಯಾವುದು? 1786ರಲ್ಲಿ ಕಲ್ಕತ್ತೆಯಲ್ಲಿ ವಿಲಿಯಂ ಜೋನ್ಸನು ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳ ಸಂಬಂಧವನ್ನು ಸಾರಿದಾಗ ಬೆರಳು ಮಾಡಿ ತೋರಿಸಿದ್ದು ಧಾತುಗಳನ್ನೂ ವ್ಯಾಕರಣರೂಪಗಳನ್ನೂ. 1816ರಲ್ಲಿ ಮದರಾಸಿನ ಅಧಿಕಾರಿ ಎಲ್ಲಿಸನು ತಮಿಳು, ತೆಲುಗು, ಕನ್ನಡಗಳು ಸಂಸ್ಕೃತಜನ್ಯವಲ್ಲ, ಅವುಗಳದೇ ಬೇರೊಂದು ಕುಲವೆಂದು ತೋರಿಸಿದ್ದೂ, 1856ರಲ್ಲಿ ಕಾಲ್ಡ್ವೆಲ್ಲನು ಅದನ್ನು ವಿಸ್ತಾರವಾದ ತೌಲನಿಕ ವ್ಯಾಕರಣವನ್ನಾಗಿ ಬೆಳೆಸಿದ್ದೂ ಇದೇ ಮಾರ್ಗದಲ್ಲಿ. ಒಂದು ಶಬ್ದ ಇನ್ನೊಂದನ್ನು ಹೋಲಬೇಕಾಗಿಲ್ಲ. ಒಂದರ ಭೇದ ಇನ್ನೊಂದರಲ್ಲಿ ನಿಯಮದಿಂದ ಪುನರಾವರ್ತಿಸಬೇಕು. ತೆಲುಗಿನ ‘ಮಾ’ವನ್ನು ಇಲ್ಲಿಗೆಂದೇ ಉಳಿಸಿಕೊಂಡಿದ್ದೆ. ಬಳ್ಳಾರಿ, ಪಾವಗಡ, ಕೋಲಾರದ ಸೀಮೆಯವರಿಗೆ ಇದು ದಿನನಿತ್ಯದ ಅನುಭವ: ತೆಲುಗಿನಲ್ಲಿ ‘ಮಾ ಊರು’ ಎಂದರೆ ನಮ್ಮ ಊರು, ಆದರೆ ಕೇಳುತ್ತಿರುವ ನಿಮ್ಮದಲ್ಲ, ನಿಮ್ಮನ್ನೂ ಸೇರಿಸಿ ಹೇಳಬೇಕಾದರೆ ‘ಮನ ಊರು’. ನೆಂಟರ ಮುಂದೆ ಆಡಿದ ಒಂದಕ್ಷರದಿಂದ ಅವರು ಒಳಗಿನವರೋ ಹೊರಗಿನವರೋ ತೀರ್ಮಾನವಾಗಿಬಿಡುತ್ತದೆ. ಕನ್ನಡದ ಇಂದಿನ ‘ನಮ್ಮ’ ಈ ಭೇದವನ್ನೆಣಿಸದು. ಈ ತೆಲುಗಿನ ‘ಮಾ’ಗೆ ನಮ್ಮ ಮಾಮರದೊಂದಿಗೆ ಯಾವ ಸಂಬಂಧವೂ ಇಲ್ಲ, ಅದರ ಒಡಹುಟ್ಟು ಹಳಗನ್ನಡದ ‘ಎಮ್ಮ’. ಮೇಲುನೋಟಕ್ಕೆ ಒಂದಕ್ಕೊಂದು ದೂರವಾದ ಇವೆರಡನ್ನು ಕೂಡಿಸುವುದು ಯಾವುದು? ನಮ್ಮ ಎಷ್ಟೋ ಶಬ್ದಗಳ ಮೊದಲಿನ ಸ್ವರವನ್ನು ತೆಲುಗು ವ್ಯಂಜನದ ಹಿಂದಕ್ಕೆ ತಳ್ಳಿಬಿಡುತ್ತದೆ: ನಮ್ಮ ‘ಅವರು’ ಅಲ್ಲಿ ‘ವಾರು’, ‘ಇವರು’ ‘ವೀರು’, ‘ಎರಡು’ ‘ರೆಂಡು’, ‘ಉಗುರು’ ‘ಗೋರು’, ‘ಒಳ’ ‘ಲೋ’. ಈ ಸಾಲಿನಲ್ಲಿ ‘ಎಮ್ಮ’ವನ್ನು ನಿಲ್ಲಿಸಿದರೆ ‘ಮಾ’ ತಾನಾಗಿಯೇ ಬಂದು ನಿಲ್ಲುತ್ತದೆ.

ಇನ್ನು ಆ ತಾಯಿಮಗಳ ವ್ಯಾಜ್ಯ. ತಮಿಳು ಪಕಾರವನ್ನು ಉಳಿಸಿಕೊಂಡಿದೆ, ನಾವು ಕಳೆದುಕೊಂಡೆವು. ಆದ್ದರಿಂದ ಅದು ಹಿರಿಯದು ಎಂಬುದು ಅವರ ಕಡೆಯ ವಾದವಾಗಬಹುದು. ಒಳ್ಳೆಯದು, ಆದರೆ ‘ಕಿವಿ’ಯನ್ನು ನೋಡಿ. ತಮಿಳಿನಲ್ಲಿಯೂ ತೆಲುಗಿನಲ್ಲಿಯೂ ಅದು ‘ಚೆವಿ’. ನಮ್ಮ ‘ಕೇರಿ’ ತಮಿಳಿನ ‘ಚೇರಿ’. ನಮ್ಮ ‘ಕೆಂದಾವರೆ’ ಅಲ್ಲಿ ‘ಚೆಂದಾಮರೈ’. ಇಕಾರ ಎಕಾರಗಳ ಮುಂದೆ ಕಕಾರ ಮೆತ್ತಗಾಗಿ ಚಕಾರವಾಗುವುದು ಲೋಕದ ಭಾಷೆಗಳಲ್ಲಿ ಸಾಮಾನ್ಯ. ಲ್ಯಾಟಿನ್ನಿನಲ್ಲಿ ನೂರಕ್ಕಿದ್ದ ‘ಕೆಂತುಂ’ ಇಟಲಿಯಲ್ಲಿ ‘ಚೆಂತೊ’ ಆಯಿತು. ಚಕಾರ ಹಿಂದಿರುಗಿ ಕಕಾರವಾಗುವುದು ತೀರ ವಿರಳ. ಹಾಗಾಗಿ ಇಲ್ಲಿ ಹಳೆಯದನ್ನು ಉಳಿಸಿಕೊಂಡಿರುವುದು ಕನ್ನಡ, ಬದಲಾಗಿರುವುದು ತಮಿಳು. ‘ಚೆವಿ’ಯಿಂದ ‘ಕಿವಿ’ ಹುಟ್ಟಲಾರದು; ಹಾಗೆಯೇ ‘ಹುಲಿ’ಯಿಂದ ‘ಪುಲಿ’ ಹುಟ್ಟಲಾರದು. ಎರಡೂ ಬೇರೊಂದು ಮೂಲದಿಂದ ಬಂದು, ಒಂದೊಂದನ್ನು ಉಳಿಸಿ ಒಂದೊಂದನ್ನು ಕಳೆದುಕೊಂಡಿವೆ. ಚೆನ್ನೈನ ಆ 2025ರ ಮಾತಿಗೆ ನಾವು ಕೊಡಬಹುದಾಗಿದ್ದ ಪ್ರತ್ಯುತ್ತರ ಈ ಒಂದು ಕಕಾರ. ಕೊಟ್ಟದ್ದು ಚಲನಚಿತ್ರಮಂದಿರಗಳ ಬೀಗ.

ಇದಕ್ಕಾಗಿ ವಿದೇಶೀ ಗ್ರಂಥಾಲಯಗಳಿಗೆ ಹೋಗಬೇಕಾಗಿಲ್ಲ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದ ಕಿಟ್ಟೆಲರ ನಿಘಂಟನ್ನು ತೆರೆದರೆ, ಕನ್ನಡದ ಶಬ್ದಗಳ ಬಗಲಿನಲ್ಲಿ ತಮಿಳು, ಮಲಯಾಳ, ತೆಲುಗು, ತುಳು ರೂಪಗಳನ್ನು ಕೊಟ್ಟಿರುವುದು ಕಾಣುತ್ತದೆ. ನಮ್ಮ ಪ್ರೌಢಶಾಲೆಗಳಲ್ಲಿ ಹಳಗನ್ನಡದ ಪದ್ಯಕ್ಕೆ ಅರ್ಥ ಬರೆಯಿಸುವಾಗ ಪಾಲ್ ಎಂದರೆ ಹಾಲು ಎಂದು ಉರುಹಚ್ಚಿಸಿ ಮುಂದೆ ಹೋಗುತ್ತೇವೆ. ಪಕಾರ ಎಲ್ಲಿಗೆ ಹೋಯಿತು, ಏಕೆ ಎಲ್ಲ ಶಬ್ದಗಳಲ್ಲಿಯೂ ಒಟ್ಟಿಗೇ ಹೋಯಿತು ಎಂದು ಕೇಳುವ ಅವಕಾಶವನ್ನೇ ಮಕ್ಕಳಿಗೆ ಕೊಡುವುದಿಲ್ಲ. ಬೆಂಗಳೂರಿನ ಯಾವ ತರಗತಿಯಲ್ಲಿಯೂ ನಾಲ್ಕು ಮನೆಮಾತುಗಳ ಮಕ್ಕಳು ದೊರೆಯುತ್ತಾರೆ. ಉಪಾಧ್ಯಾಯರು ಕರಿಹಲಗೆಯ ಮೇಲೆ ‘ಹುಲಿ’ ಎಂದು ಬರೆದು, ನಿಮ್ಮ ಮನೆಯಲ್ಲಿ ಇದಕ್ಕೇನೆನ್ನುತ್ತೀರಿ ಎಂದು ಕೇಳಲಿ: ತಮಿಳಿನ ಹುಡುಗಿ ‘ಪುಲಿ’ ಎನ್ನುವಳು, ತೆಲುಗಿನವನೂ ‘ಪುಲಿ’ ಎನ್ನುವನು, ತುಳುವಿನವನು ‘ಪಿಲಿ’ ಎನ್ನುವನು. ಮುಂದಿನ ಸಾಲಿನಲ್ಲಿ ‘ಕಿವಿ’ ಎಂದು ಬರೆಯಲಿ: ಇಬ್ಬರು ‘ಚೆವಿ’ ಎಂದಾರು, ತುಳುವಿನವನು ‘ಕೆಬಿ’ ಎಂದು ಕನ್ನಡದ ಪಕ್ಷಕ್ಕೆ ಬಂದಾನು. ಅರ್ಧ ಗಂಟೆಯ ಈ ಪಾಠವನ್ನು ಒಂಬತ್ತನೆಯ ತರಗತಿಯ ಪಠ್ಯಕ್ಕೆ ಸೇರಿಸಲು ಸರ್ಕಾರಕ್ಕೆ ಹೆಚ್ಚಿನ ವೆಚ್ಚವೇನೂ ತಗಲದು. ಮುಂದೆಂದಾದರೂ ವೇದಿಕೆಯ ಮೇಲೆ ನಿಂತ ದೊಡ್ಡವರೊಬ್ಬರು ಇಂಥ ಭಾಷೆ ಇಂಥದರ ಮಗಳೆಂದು ಘೋಷಿಸಿದರೆ, ಹಾಗಾದರೆ ಕಿವಿಯ ಕಕಾರ ಎಲ್ಲಿಂದ ಬಂತೆಂದು ಆ ಮಕ್ಕಳು ಕೇಳಬಲ್ಲರು.